ತೆಗೆದಿದ್ದು ಲಿನಕ್ಸ್, ಮುನಿಸಿಕೊಂಡಿದ್ದು ವಿಂಡೋಸ್

ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಇಡೀ ಯಂತ್ರ ತನ್ನೊಬ್ಬನದೇ ಅಂತ ಎರಡೂ ನಂಬಿಕೊಂಡಿರುತ್ತವೆ. ಒಂದರ ತಂಟೆಗೆ ಹೋದರೆ ಇನ್ನೊಂದು ಸುಮ್ಮನಿರುವುದಿಲ್ಲ. ವಿಂಡೋಸ್ ಕೆಲಸಕ್ಕೆ, ಲಿನಕ್ಸ್ ಖುಷಿಗೆ ಅಂತ ನಾನು ಎರಡನ್ನೂ ಸಾಕಿಕೊಂಡಿದ್ದೇನೆ. ಮನೆಯವರ ಪ್ರಕಾರ ಇದು ಬೇಡದ ಉಸಾಬರಿ. ವಾದ ಮಾಡಲು ನನ್ನ ಹತ್ತಿರ ಪುರಾವೆ ಏನೂ ಇಲ್ಲ.

ಒಂದು ದಿನ ಲಿನಕ್ಸಿನಲ್ಲಿ ಪರದೆಯ ಕೆಳಗಿರುವ ಪಟ್ಟಿಯೇ ಮಾಯವಾಯಿತು. ಮೆನು ಇಲ್ಲ, ಗಡಿಯಾರ ಇಲ್ಲ, ವೈಫೈ ಗುರುತು ಇಲ್ಲ. ಬರೀ ಬೆಟ್ಟದ ವಾಲ್‌ಪೇಪರ್. ರೀಸ್ಟಾರ್ಟ್ ಮಾಡಿದರೂ ಬೆಟ್ಟವೇ. ಹೇಗೂ ಹೊಸ ಆವೃತ್ತಿ ಬಂದಿದೆ, ಹಳೆಯದನ್ನು ಪೂರ್ತಿ ತೆಗೆದು ಹೊಸದಾಗಿ ಹಾಕಿಬಿಡೋಣ ಅಂತ ಕೂತೆ. ಅರ್ಧ ಗಂಟೆಯ ಕೆಲಸ ಅಂತ ಬಲ್ಲವರೆಲ್ಲ ಹೇಳುತ್ತಾರೆ. ಅದು ನಿಜವೇ. ದಿನ ಹೋಗುವುದು ಆ ಅರ್ಧ ಗಂಟೆಯ ಹಿಂದೆ ಮುಂದೆ.

ಹೊಸ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ತಯಾರಾಯಿತು. ಕಂಪ್ಯೂಟರನ್ನು ಅದರಿಂದ ಎಬ್ಬಿಸಲು ಒಂದು ಕೀ ಒತ್ತಬೇಕು. ಯಾವುದು? ಒಂದು ಯಂತ್ರಕ್ಕೆ ಎಫ್12, ಇನ್ನೊಂದಕ್ಕೆ ಎಫ್2, ಮತ್ತೊಂದಕ್ಕೆ ಎಸ್ಕೇಪ್, ಕೆಲವಕ್ಕೆ ಡಿಲೀಟ್. ಲೋಗೋ ಬಂದು ಹೋಗುವಷ್ಟರಲ್ಲಿ ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಎಲ್ಲವನ್ನೂ ಸಾಲಾಗಿ ಬಾರಿಸಿದೆ. ಪಕ್ಕದ ಕೋಣೆಯಿಂದ ಮಗಳು, "ಅಪ್ಪಾ, ಏನು ಕುಟ್ತಾ ಇದೀಯಾ?" ಅಂದಳು.

ಆಮೇಲೆ ಬಂತು ನೋಡಿ, ಡಿಸ್ಕನ್ನು ಭಾಗ ಭಾಗವಾಗಿ ತೋರಿಸುವ ಪಾರ್ಟಿಷನ್ ಪರದೆ. ವಿಂಡೋಸಿನಲ್ಲಿ ಸಿ ಡ್ರೈವ್, ಡಿ ಡ್ರೈವ್ ಅಂತ ಅಚ್ಚುಕಟ್ಟಾಗಿ ಕಾಣುವ ಡಿಸ್ಕು ಇಲ್ಲಿ ವೇಷ ಬದಲಿಸಿಕೊಂಡು ಕೂತಿರುತ್ತದೆ. ಎನ್‌ವಿಎಂಇ ಸೊನ್ನೆ ಎನ್ ಒಂದು ಪಿ ಮೂರು, ಪಿ ನಾಲ್ಕು, ಪಿ ಐದು. ಇದರಲ್ಲಿ ಹಳೆಯ ಲಿನಕ್ಸ್ ಯಾವುದು, ಮನೆಯ ಫೋಟೋಗಳೆಲ್ಲ ಇರುವ ಡಿ ಯಾವುದು? ಗಾತ್ರ ನೋಡಿ ಗುರುತು ಹಿಡಿಯೋಣ ಅಂದುಕೊಂಡೆ. ಲಿನಕ್ಸಿಗೆ ಕೊಟ್ಟಿದ್ದು 100 ಜಿಬಿ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಪರದೆಯಲ್ಲಿ 100 ಅನ್ನುವ ಸಂಖ್ಯೆಯೇ ಇಲ್ಲ. 107 ಅಂತ ಒಂದಿದೆ. ಇಷ್ಟು ದಿನ ಇಟ್ಟಿದ್ದಕ್ಕೆ ಬಡ್ಡಿ ಸೇರಿಸಿದ್ದಾರಾ?

ವಿಷಯ ಇಷ್ಟೇ. ವಿಂಡೋಸ್ ಬೈಟಿನಿಂದ ಜಿಬಿಯವರೆಗೆ ಪ್ರತಿ ಮೆಟ್ಟಿಲಿಗೂ 1024ರ ಲೆಕ್ಕದಲ್ಲಿ ಎಣಿಸಿ ಜಿಬಿ ಅಂತ ಬರೆಯುತ್ತದೆ. ಲಿನಕ್ಸ್ ಹಾಕಿಕೊಡುವ ಈ ಇನ್‌ಸ್ಟಾಲರ್ 1000ದ ಲೆಕ್ಕದಲ್ಲಿ ಎಣಿಸಿ ಅದನ್ನೂ ಜಿಬಿ ಅಂತಲೇ ಬರೆಯುತ್ತದೆ. ಅಲ್ಲಿಯ 100 ಇಲ್ಲಿಗೆ ಬಂದರೆ 107. 500 ಜಿಬಿ ಅಂತ ಕೊಂಡ ಡಿಸ್ಕು ವಿಂಡೋಸಿನಲ್ಲಿ 465 ತೋರಿಸುವುದೂ ಇದೇ ಕಾರಣಕ್ಕೆ. ಇಬ್ಬರ ಲೆಕ್ಕವೂ ಸರಿ. ಆದರೆ ಫಾರ್ಮ್ಯಾಟ್ ಬಟನ್ ಮೇಲೆ ಬೆರಳಿಟ್ಟುಕೊಂಡು ಕೂತವನಿಗೆ ಎರಡೆರಡು ಸರಿ ಕಟ್ಟಿಕೊಂಡು ಏನಾಗಬೇಕು?

ಅದೇ ಪಾರ್ಟಿಷನ್ ಪರದೆಯ ಮೂಲೆಯಲ್ಲಿ ನೂರು ಎಂಬಿ ಆಸುಪಾಸಿನ ಪುಟಾಣಿ ಪಾರ್ಟಿಷನ್ ಒಂದಿರುತ್ತದೆ. ಹೆಸರು ಇಎಫ್‌ಐ. ಮೂರ್ತಿ ಚಿಕ್ಕದು, ಕೀರ್ತಿ ದೊಡ್ಡದು. ಯಂತ್ರ ಆನ್ ಆದಾಗ ಮೊದಲು ಓಡಬೇಕಾದ ಚಿಕ್ಕ ಫೈಲುಗಳು, ವಿಂಡೋಸಿನದ್ದೂ ಲಿನಕ್ಸಿನದ್ದೂ, ಇರುವುದು ಇಲ್ಲೇ. ಇದನ್ನು ಬಳಸಬೇಕು, ಫಾರ್ಮ್ಯಾಟ್ ಮಾತ್ರ ಮಾಡಬಾರದು. ನನ್ನ ಫೈಲುಗಳಿರುವ ಹೋಮ್ ಬೇರೆ ಪಾರ್ಟಿಷನ್ನಿನಲ್ಲಿತ್ತು. ಅದನ್ನೂ ಮುಟ್ಟುವ ಹಾಗಿಲ್ಲ. ಕೊನೆಗೆ ದೇವರ ಮೇಲೆ ಭಾರ ಹಾಕಿ 107ನ್ನು ಅಳಿಸಲು ಹೇಳಿದೆ. ಹಸಿರು ಗೆರೆ ಸರಸರ ಓಡಿತು. ಅರ್ಧ ದಾರಿಯಲ್ಲಿ ನಿಂತಿತು. ಮೌಸ್ ಕೂಡ ಅಲುಗಾಡಲಿಲ್ಲ.

ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಪೆನ್‌ಡ್ರೈವ್ ಕಿತ್ತೆ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಗ್ರಬ್ ಅನ್ನುವ ಹೆಸರು, ಪಕ್ಕದಲ್ಲಿ ಮಿಣಮಿಣ ಅನ್ನುವ ಕರ್ಸರ್. ಮತ್ತೇನೂ ಇಲ್ಲ. ಇಂಥ ಹೊತ್ತಿಗೇ ಮಕ್ಕಳು ಬಂದು ಹಿಂದೆ ನಿಲ್ಲುವುದು.

"ಹ್ಯಾಕ್ ಆಯ್ತಾ ಅಪ್ಪಾ?"

"ಇಲ್ಲ ಪುಟ್ಟಿ. ಲಿನಕ್ಸ್ ಹೋಗಿದೆ, ಅಷ್ಟೇ."

"ನನ್ನ ಪ್ರಾಜೆಕ್ಟ್ ವಿಂಡೋಸಲ್ಲಿದೆ."

"ವಿಂಡೋಸ್ ಹಾಗೇ ಇದೆ."

"ಎಲ್ಲಿ?"

ಸರಿಯಾದ ಪ್ರಶ್ನೆ. ಎರಡು ಸಿಸ್ಟಂ ಇರುವ ಯಂತ್ರದಲ್ಲಿ ಗ್ರಬ್ ಅನ್ನುವುದು ಬಾಗಿಲು ಕಾಯುವವನ ಹಾಗೆ. ಲಿನಕ್ಸ್ ಬೇಕಾ, ವಿಂಡೋಸ್ ಬೇಕಾ ಅಂತ ಕೇಳಿ ಒಳಗೆ ಬಿಡುತ್ತದೆ. ಅದರ ಒಂದು ತುಣುಕು ಇರುವುದು ಆ ಪುಟಾಣಿ ಇಎಫ್‌ಐನಲ್ಲಿ. ಮೆನುವಿನ ಪಟ್ಟಿ ಇರುವುದು ಲಿನಕ್ಸಿನ ಪಾರ್ಟಿಷನ್ನಿನಲ್ಲಿ. ಲಿನಕ್ಸ್ ಅಳಿಸಿದಾಗ ಪಟ್ಟಿಯೂ ಹೋಯಿತು. ಎದ್ದು ನೋಡಿದರೆ ಯಾರನ್ನು ಕರೆಯಬೇಕು ಅನ್ನುವುದೇ ಅದಕ್ಕೆ ತಿಳಿಯದು. ವಿಂಡೋಸಿನ ಒಂದು ಫೈಲೂ ಅಲುಗಾಡಿಲ್ಲ, ಆದರೂ ಹೊರಗೆ ಬರುವ ದಾರಿ ಇಲ್ಲ.

ಹೆಲ್ಪ್ ಅಂತ ಟೈಪ್ ಮಾಡಿದೆ. ಪರದೆ ತುಂಬ ಕಮಾಂಡುಗಳು. ಓದಲು ಶುರುಮಾಡುವ ಮೊದಲೇ ಅರ್ಧ ಮೇಲಕ್ಕೆ ಹೋಗಿದ್ದವು. ಮಗಳು ಬಗ್ಗಿ ನೋಡಿ, "ಅಲ್ಲಿ ಎಕ್ಸಿಟ್ ಅಂತ ಇದೆ ಅಲ್ವಾ, ಅದನ್ನೇ ಹಾಕು" ಅಂದಳು. ಅಷ್ಟು ಸುಲಭ ಅಲ್ಲಮ್ಮ ಅಂತ ಹೇಳುತ್ತಲೇ ಟೈಪ್ ಮಾಡಿದೆ. ಗ್ರಬ್ ತಣ್ಣಗೆ ಜಾಗ ಖಾಲಿ ಮಾಡಿತು, ಹಿಂದೆಯೇ ವಿಂಡೋಸ್ ಬಂತು. ಯುಇಎಫ್‌ಐ ಅನ್ನುವ ಫರ್ಮ್‌ವೇರ್, ಅಂದರೆ ಯಂತ್ರವನ್ನು ಎಬ್ಬಿಸಲು ಮದರ್‌ಬೋರ್ಡಿನಲ್ಲೇ ಕೂತ ತಂತ್ರಾಂಶ, ಇರುವ ಕಡೆ ಸಾಮಾನ್ಯವಾಗಿ ಹೀಗೇ. ಒಬ್ಬ ಕೈಚೆಲ್ಲಿದರೆ ಫರ್ಮ್‌ವೇರ್ ತನ್ನ ಪಟ್ಟಿಯಲ್ಲಿ ಮುಂದಿನವನನ್ನು ಕರೆಯುತ್ತದೆ. ಅದಕ್ಕೂ ಮೊದಲಿದ್ದ ಬಯಾಸ್ ಕಾಲದಲ್ಲಿ ಈ ಭಾಗ್ಯ ಇರಲಿಲ್ಲ. ಆಗ ಯಂತ್ರ ಎಬ್ಬಿಸುವ ಬೂಟ್ ಕೋಡಿನ ಮೊದಲ ತುಣುಕು ಡಿಸ್ಕಿನ ಮೊದಲ 512 ಬೈಟಿನೊಳಗೇ ಬರಬೇಕಿತ್ತು. ಕೊನೆಗೆ ಬಂದವನು ಮೊದಲಿದ್ದವನನ್ನು ಒರೆಸಿ ಕೂರುತ್ತಿದ್ದ.

ಮಗಳು ತನ್ನ ಪ್ರಾಜೆಕ್ಟ್ ಮುಗಿಸಿ ಎದ್ದ ಮೇಲೆ ಪೆನ್‌ಡ್ರೈವನ್ನು ಬೇರೆ ಪೋರ್ಟಿಗೆ ಚುಚ್ಚಿದೆ. ಹೇಳಿದಂತೆ ಅರ್ಧ ಗಂಟೆಯಲ್ಲಿ ಲಿನಕ್ಸ್ ಕೂತಿತು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆ.

ಬೆಟ್ಟ. ಪಟ್ಟಿ ಇಲ್ಲ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತ. ಹೋಮ್ ಪಾರ್ಟಿಷನ್ ಉಳಿಸಿದರೆ ಫೈಲುಗಳ ಜೊತೆ ಸೆಟ್ಟಿಂಗುಗಳೂ ಉಳಿಯುತ್ತವೆ. ಅವೆಲ್ಲ ಚುಕ್ಕೆಯಿಂದ ಶುರುವಾಗುವ ಹೆಸರಿನ ಫೋಲ್ಡರುಗಳಲ್ಲಿ, ಕಣ್ಣಿಗೆ ಬೀಳದ ಹಾಗೆ ಅಡಗಿರುತ್ತವೆ. ಕೆಟ್ಟಿದ್ದ ಪಟ್ಟಿಯ ಸೆಟ್ಟಿಂಗ್ ಅಲ್ಲೇ ಕ್ಷೇಮವಾಗಿತ್ತು. ಆ ಒಂದು ಫೋಲ್ಡರಿನ ಹೆಸರು ಬದಲಿಸಿ ಮತ್ತೆ ಲಾಗಿನ್ ಆದೆ. ಮೆನು, ಗಡಿಯಾರ, ವೈಫೈ, ಎಲ್ಲ ಬಂದು ಸಾಲಾಗಿ ಕೂತವು. ಹಾಗಾದರೆ ಹಳೆಯ ಲಿನಕ್ಸಿಗೂ ಈ ಮದ್ದೇ ಸಾಕಿತ್ತಲ್ವಾ ಅಂತ ಕೇಳಬೇಡಿ. ಆ ಪ್ರಶ್ನೆ ಮನೆಯಲ್ಲಿ ಆಗಲೇ ಬಂದು ಹೋಗಿದೆ.

ಇನ್ನು ಗ್ರಬ್ ಮೆನು. ಅದರಲ್ಲಿ ಲಿನಕ್ಸ್ ಮಾತ್ರ ಇತ್ತು, ವಿಂಡೋಸಿನ ಹೆಸರೇ ಇಲ್ಲ. 2021ರಲ್ಲಿ ಬಂದ ಗ್ರಬ್ 2.06ರಿಂದ ಈಚೆಗೆ, ಸುರಕ್ಷತೆಯ ಕಾರಣಕ್ಕೆ, ಡಿಸ್ಕಿನಲ್ಲಿ ಬೇರೆ ಸಿಸ್ಟಂ ಇದೆಯಾ ಅಂತ ಹುಡುಕುವ ಅಭ್ಯಾಸವನ್ನು ಅದು ತಾನಾಗಿ ಬಿಟ್ಟಿದೆ. ಹುಡುಕಿಸಬೇಕಾದರೆ ಸೆಟ್ಟಿಂಗ್ ಫೈಲಿಗೆ ಒಂದು ಸಾಲು ಸೇರಿಸಬೇಕು. ಆ ಸಾಲಿನ ತಾತ್ಪರ್ಯ 'ಹುಡುಕಬೇಡ ಅಂದಿದ್ದು ಬೇಡ' ಅಂತ. ಹುಡುಕು ಅಂತ ನೇರವಾಗಿ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತೋ. ಸೇರಿಸಿ ಮೆನು ಮತ್ತೆ ತಯಾರಿಸಿದೆ, ವಿಂಡೋಸ್ ಸಿಕ್ಕಿತು.

ಎಲ್ಲ ಮುಗಿಯಿತು ಅಂತ ಕೈ ತೊಳೆದುಕೊಂಡರೆ ಮಗಳು ಮತ್ತೆ ಹಾಜರು. "ಅಪ್ಪಾ, ವಿಂಡೋಸಲ್ಲಿ ಟೈಮ್ ತಪ್ಪು ತೋರಿಸ್ತಿದೆ." ಅದನ್ನು ಸರಿ ಮಾಡಿದೆ. ಲಿನಕ್ಸಿಗೆ ಬಂದರೆ ಇಲ್ಲಿ ತಪ್ಪು. ಇದನ್ನು ಸರಿ ಮಾಡಿದೆ. ಅಲ್ಲಿ ತಪ್ಪು. ಎತ್ತು ಏರಿಗೆ, ಕೋಣ ನೀರಿಗೆ. ಮದರ್‌ಬೋರ್ಡಿನಲ್ಲಿರುವ ಗಡಿಯಾರ ಒಂದೇ. ಅದರಲ್ಲಿರುವುದು ಸ್ಥಳೀಯ ಸಮಯ ಅಂತ ವಿಂಡೋಸ್ ಓದುತ್ತದೆ. ಅದರಲ್ಲಿರುವುದು ಯುಟಿಸಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯ, ಅಂತ ಲಿನಕ್ಸ್ ಓದುತ್ತದೆ. ಒಬ್ಬರು ತಿದ್ದಿ ಹೋದ ಮೇಲೆ ಇನ್ನೊಬ್ಬರ ಲೆಕ್ಕ ಗಂಟೆಗಟ್ಟಲೆ ಆಚೀಚೆ.

ಯಾರಾದರೂ ಒಬ್ಬರು ಸೋಲಲೇಬೇಕು. ಲಿನಕ್ಸಿಗೆ ಹೇಳಿದೆ, ನೀನೂ ಸ್ಥಳೀಯ ಸಮಯ ಅಂತಲೇ ಓದು. ಟೈಮ್‌ಡೇಟ್‌ಸಿಟಿಎಲ್ ಅಂತ ಒಂದು ಕಮಾಂಡ್ ಇದೆ, ಒಂದೇ ಸಾಲಿನಲ್ಲಿ ಕೆಲಸ ಆಯಿತು. ಎರಡೂ ಕಡೆ ಗಂಟೆ ಸರಿಯಾಯಿತು. ಆದರೆ ಲಿನಕ್ಸಿಗೆ ಇದು ಒಂಚೂರೂ ಇಷ್ಟವಿಲ್ಲ. ಅದೇ ಕಮಾಂಡ್ ಹಾಕಿ ಗಂಟೆ ಎಷ್ಟು ಅಂತ ಕೇಳಿದಾಗಲೆಲ್ಲ ಗಂಟೆ ಹೇಳಿ, ಕೆಳಗೆ ಒಂದು ಎಚ್ಚರಿಕೆಯನ್ನೂ ಬರೆಯುತ್ತದೆ. ಈ ಪದ್ಧತಿಯನ್ನು ಪೂರ್ತಿ ಬೆಂಬಲಿಸಲು ಆಗದು, ಮುಂದೆ ತಾಪತ್ರಯ ಬರುತ್ತದೆ, ಸಾಧ್ಯವಾದರೆ ಯುಟಿಸಿಗೆ ಮರಳಿ ಅಂತ. ಮರಳಲು ಯಾವ ಕಮಾಂಡ್ ಹಾಕಬೇಕು ಅನ್ನುವುದನ್ನೂ ತಾನೇ ಬರೆದು ಕೊಡುತ್ತದೆ. ನಾನು ಗಂಟೆ ನೋಡಿಕೊಂಡು ಕಿಟಕಿ ಮುಚ್ಚುತ್ತೇನೆ.