ಹಾವಿನ ಪುಸ್ತಕ ಅವಳ ಬೆನ್ನ ಹಿಂದೆಯೇ ಇತ್ತು

ಶನಿವಾರ ಬಿಡುವಾದಾಗಲೆಲ್ಲ ಮುಂಬಯಿಯ ಒಂದು ಕನ್ನಡ ಶಾಲೆಯ ಲೈಬ್ರರಿ ಕೆಲಸಕ್ಕೆ ಹೋಗುತ್ತೇನೆ. ಹೋದ ವಾರ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಕಂಪ್ಯೂಟರ್ ಮುಂದೆ ಕೂತು, ಒಂದೊಂದೇ ಕೀ ಹುಡುಕಿ ‘ಹಾವು’ ಅಂತ ಟೈಪ್ ಮಾಡಿದಳು. ಏನೂ ಬರಲಿಲ್ಲ.

"ಸರ್, ಹಾವಿನ ಬುಕ್ ಇಲ್ಲೇನ್ರಿ?"

ಕಲಬುರಗಿ ಕಡೆಯ ಮಾತು. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಇಲ್ಲಿಗೆ ಬಂದವರು. ಪುಸ್ತಕ ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಒಂದಲ್ಲ, ಮೂರು! ಆದರೆ ಕ್ಯಾಟಲಾಗಿನಲ್ಲಿ ಎಲ್ಲ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿ. ‘ಹಾ’ ಬರೆಯಲು ಒಬ್ಬರು ಒಂದು ‘ಎ’ ಹಾಕಿದ್ದಾರೆ, ಇನ್ನೊಬ್ಬರು ಎರಡು. ಮಗು ಹೇಗೆ ಹುಡುಕಬೇಕು?

ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಯಾಕೆಂದರೆ ಪುಸ್ತಕ ಕೊಡುವುದು, ವಾಪಸ್ ತಗೊಳ್ಳುವುದು ಎಲ್ಲ ನಡೆಯುವುದು ಅಕ್ಸೆಷನ್ ನಂಬರಿನ ಮೇಲೆ, ಅಂದರೆ ಲೈಬ್ರರಿ ಪ್ರತಿ ಪುಸ್ತಕಕ್ಕೂ ಕೊಡುವ ಬೇರೆ ಬೇರೆ ನಂಬರಿನ ಮೇಲೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಹೆಸರು ಹೇಗಿದ್ದರೂ ಇಶ್ಯೂ ಆಗುತ್ತದೆ. ಹಾಗಾಗಿ ಟೀಚರ್ ಕೈಯಾರೆ ತೆಗೆದುಕೊಟ್ಟ ಪುಸ್ತಕಗಳೇ ಮತ್ತೆ ಮತ್ತೆ ಓಡಾಡುತ್ತವೆ. ಉಳಿದವು ನಿಂತಲ್ಲೇ ನಿಂತಿರುತ್ತವೆ. ಆ ಮೂರರಲ್ಲಿ ಒಂದನ್ನು ತೆರೆದು ನೋಡಿದೆ. ಹಿಂದಿನ ಪುಟಕ್ಕೆ ಅಂಟಿಸಿದ್ದ ತಾರೀಖಿನ ಚೀಟಿ ಹಳದಿಯಾಗಿತ್ತು. ಅದರ ಮೇಲೆ ಒಂದೂ ಸೀಲ್ ಇರಲಿಲ್ಲ. ತುಂಬಾ ಸಂಕಟವಾಯಿತು.

ಕನ್ನಡ ಹಾಕಿದರೆ ಸಾಫ್ಟ್‌ವೇರ್ ಕೆಡುತ್ತದೆ ಅಂತ ಹೇಳುವವರಿದ್ದಾರೆ. ಅದು ಹಳೇ ಕಾಲದ ಮಾತು. ಆಗ ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಕಡೆ ತೆರೆದರೆ ಅರ್ಥವಿಲ್ಲದ ಗುರುತುಗಳಾಗುತ್ತಿತ್ತು, ನಿಜ. ಈಗ ಯೂನಿಕೋಡ್ ಇದೆ, ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ. ನ್ಯೂಜಿಲೆಂಡಿನ ಒಂದು ಲೈಬ್ರರಿಗಾಗಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ ಕೋಹಾ ಅನ್ನೋ ಲೈಬ್ರರಿ ಸಾಫ್ಟ್‌ವೇರ್ ಇದೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡ ಚೆನ್ನಾಗಿ ತಗೊಳ್ಳುತ್ತದೆ. ಅದರ ಕ್ಯಾಟಲಾಗಿನಲ್ಲಿ ಪ್ರತಿ ವಿವರಕ್ಕೂ ನಂಬರಿನ ಜಾಗವಿರುತ್ತದೆ; ಪುಸ್ತಕದ ಹೆಸರಿನ 245ನೇ ಜಾಗದಲ್ಲಿ ಕನ್ನಡ ಬರೆಯಿರಿ. ಬೇಕಿದ್ದರೆ ಹೆಸರಿನ ಬೇರೆ ರೂಪಗಳಿಗಿರುವ 246ರಲ್ಲಿ ಇಂಗ್ಲಿಷ್ ಅಕ್ಷರದ ರೂಪವೂ ಇರಲಿ, ಎರಡರಲ್ಲೂ ಸಿಗುತ್ತದೆ.

ಲೇಖಕರ ಹೆಸರಿಗೆ ಮಾತ್ರ ಸ್ವಲ್ಪ ಜಾಸ್ತಿ ತಾಳ್ಮೆ ಬೇಕು. ಒಂದು ಪುಸ್ತಕದಲ್ಲಿ ಕುವೆಂಪು, ಇನ್ನೊಂದರಲ್ಲಿ ಕೆ.ವಿ. ಪುಟ್ಟಪ್ಪ. ಬೇಂದ್ರೆಯವರೇ ಅಂಬಿಕಾತನಯದತ್ತ ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ‘ಇದನ್ನೂ ನೋಡಿ’ ಅಂತ ಕ್ಯಾಟಲಾಗೇ ಹೇಳಬೇಕು, ಅಲ್ವಾ? ವಿಷಯದ ಪದವನ್ನೂ ಮಗು ಆಡುವ ಪದದಲ್ಲೇ ಹಾಕಿ. ‘ಸರೀಸೃಪ’ ಅಂತ ಯಾವ ಮಗುವೂ ಹುಡುಕುವುದಿಲ್ಲ.

ಈಗ ಎಲ್ಲ ಮತ್ತೆ ಶುರು ಮಾಡಿದ್ದೇವೆ. ಆ ಹುಡುಗಿ ಹೆಸರಿನ ಪುಟ ತೆರೆದು ಗಟ್ಟಿಯಾಗಿ ಓದುತ್ತಾಳೆ, ನಾನು ಟೈಪ್ ಮಾಡುತ್ತೇನೆ. ಎರಡು ಕಪಾಟು ಮುಗಿದಿದೆ, ಐದು ಬಾಕಿ. ಮುಂಬಯಿಯಲ್ಲಿರುವ ಕನ್ನಡದವರು ಯಾರಾದರೂ ಶನಿವಾರ ಎರಡು ಗಂಟೆ ಬರುತ್ತೀರಾ? ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬಂದರೆ ಸಾಕು.