ಇದಕ್ಕೆ ಮೊದಲು ಯಾರು ಕೈ ಹಾಕಿದ್ದು?

ಮೆಕ್ಯಾನಿಕ್ ಕೊಟ್ಟ ಚೀಟಿ ಇನ್ನೂ ಅಂಗಿಯ ಜೇಬಿನಲ್ಲೇ ಇದೆ. ಚೀಟಿ ಎಂದರೆ ಸ್ಪಾರ್ಕ್ ಪ್ಲಗ್ಗಿನ ರಟ್ಟಿನ ಡಬ್ಬಿ ಹರಿದು, ಅದರ ಒಳಮೈಯಲ್ಲಿ ಬರೆದ ಲೆಕ್ಕ. ಅಂಕಿಗಳಿಗಿಂತ ಗ್ರೀಸಿನ ಹೆಬ್ಬೆಟ್ಟು ಸ್ಪಷ್ಟವಾಗಿದೆ. ಕೆಳಗೆ ಎರಡು ಗೆರೆ ಎಳೆದು 12,650 ಎಂದಿದೆ. ಅದನ್ನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು, ಕಳೆದ ವಾರ ವ್ಯಾನಿನ ಸೀಟು ಎತ್ತಿದ ಕೂಡಲೇ ಅವರು ಕೇಳಿದ ಪ್ರಶ್ನೆ: "ಇದಕ್ಕೆ ಮೊದಲು ಯಾರು ಕೈ ಹಾಕಿದ್ದು ಸಾರ್?"

ಅಡಿಕೆ ಹಾಳೆಯ ತಟ್ಟೆಗಳನ್ನು ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಸಾಗಿಸಲು ಎರಡು ವರ್ಷದ ಹಿಂದೆ ಈ ಹಳೆಯ ಸರಕು ವ್ಯಾನ್ ಕೊಂಡೆ. ಹಾಳೆ ತಟ್ಟೆಗೆ ತೂಕವೆಂಬುದೇ ಇಲ್ಲ; ಆದರೂ ಸಣ್ಣ ಏರು ಕಂಡರೆ ಸಾಕು, ಗಾಡಿ ಕಬ್ಬಿಣ ಹೊತ್ತಂತೆ ಏದುಸಿರು ಬಿಡುತ್ತದೆ. ಮಾರಿದವನು "ಬರೀ ಹೂವು ಸಾಗಿಸಿದ ಗಾಡಿ" ಎಂದಿದ್ದ. ಮೊದಲ ಮಳೆಗೆ ಗೊತ್ತಾಯಿತು, ಆ ಹೂವು ಆಗುಂಬೆ ಘಾಟಿ ಹತ್ತಿ ಬರುತ್ತಿದ್ದ ಮೀನು. ಮಂಜುಗಡ್ಡೆ ಕರಗಿದ ಉಪ್ಪುನೀರು ತಳದ ತಗಡನ್ನು ಹಪ್ಪಳ ಮಾಡಿಟ್ಟಿತ್ತು. ಟಿಂಕರಿಂಗಿಗೆ 6,500 ಹೋಯಿತು. ವಾಸನೆ ಮಾತ್ರ ಹೋಗಲಿಲ್ಲ. ಉಪನಯನದ ಮನೆಗಳಿಗೆ ತಟ್ಟೆ ಇಳಿಸುವಾಗ ನಾನೇ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಎಂಟು ವರ್ಷ ದಾಟಿದ ಗಾಡಿಯಾದ್ದರಿಂದ ವರ್ಷವರ್ಷವೂ ಎಫ್‌ಸಿ, ಅಂದರೆ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ, ಆಗಬೇಕು. ಆ ಖರ್ಚಿನ ಕಥೆ ಬೇಡ.

ಮೆಕ್ಯಾನಿಕ್‌ಗೆ ಬರುತ್ತೇನೆ. ಅವರು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚುತ್ತಾರೆ. ಆಗ ಗ್ಯಾರೇಜಿನಲ್ಲಿ ಯಾರೂ ಕೆಮ್ಮುವಂತಿಲ್ಲ. ಆಮೇಲೆ ಒಂದು ನಿಟ್ಟುಸಿರು, ಅದರ ಬೆನ್ನಿಗೇ ಆ ಪ್ರಶ್ನೆ. ಕ್ಲಚ್ ಪ್ಲೇಟ್ ಸವೆದಾಗ ಕೇಳಿದರು, ಸಾಗರದವರು ಎಂದೆ. "ಅದಕ್ಕೇ" ಎಂದರು. ಬ್ರೇಕ್ ಹಿಡಿಯದಿದ್ದಾಗ ಕೇಳಿದರು, ತೀರ್ಥಹಳ್ಳಿಯವರು ಎಂದೆ. ಮಾತೇ ಆಡದೆ, ಹೆಣ್ಣು ನೋಡಲು ತಪ್ಪು ಮನೆಗೆ ಹೋಗಿ ಬಂದವನನ್ನು ನೋಡುವಂತೆ ನನ್ನನ್ನು ನೋಡಿದರು. ಪ್ರತಿ ಸಲವೂ ತಪ್ಪೊಪ್ಪಿಕೊಳ್ಳುವವನು ನಾನೇ.

ಕಳೆದ ವಾರ ಕೇಳಿದಾಗ ಮಾತ್ರ ಧೈರ್ಯ ಮಾಡಿ ಹೇಳಿದೆ: "ನೀವೇ. ಎರಡು ತಿಂಗಳ ಹಿಂದೆ ರೇಡಿಯೇಟರ್ ಪೈಪ್ ಬದಲಿಸಿದಿರಲ್ಲ."

ಅವರು ಮೇಲ್ಮನವಿ ಸಲ್ಲಿಸುವವರಂತೆ ಇನ್ನೊಮ್ಮೆ ಸ್ಕ್ರೂಡ್ರೈವರ್ ಒತ್ತಿ, ಕಣ್ಣು ಮುಚ್ಚಿ ಆಲಿಸಿದರು. ಎಂಜಿನ್ ಓಡುತ್ತಲೇ ಇರಲಿಲ್ಲ. ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದಿದ್ದೆವು. ಕೊನೆಗೆ ಕಣ್ಣು ತೆರೆದು ಹುಡುಗನಿಗೆ, "ಸಾರಿಗೆ ಒಂದು ಚಹಾ ತಾರೋ" ಎಂದರು. ಚಹಾದ ದುಡ್ಡು ಚೀಟಿಯಲ್ಲಿ ಸೇರಿಲ್ಲ ಎಂಬುದನ್ನು ಎರಡು ಸಲ ನೋಡಿದ್ದೇನೆ.

ಅವರು ಬಿಗಿದಿದ್ದ ಕ್ಲಿಪ್ ಸಡಿಲವಾಗಿ, ಎಂಜಿನ್ ತಣ್ಣಗಿಡುವ ಕೂಲೆಂಟ್ ನೀರು ತೊಟ್ಟಿಕ್ಕಿ ಹೋಗಿತ್ತು. ನನಗೆ ತಿಳಿಯದೆ ಹೋದದ್ದಕ್ಕೆ ಕಾರಣ ಅಪ್ಪಯ್ಯ. ಈ ವ್ಯಾನಿನ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಮಳೆಗಾಲದಲ್ಲಿ ಕಿಟಕಿ ಏರಿಸಿ ಹೊರಟರೆ ಹತ್ತು ಕಿಲೋಮೀಟರಿಗೆ ಸೀಟು ಬೆಚ್ಚಗಾಗುತ್ತದೆ, ಅವರ ಮಂಡಿನೋವಿಗೆ ಅದು ಹಿತ. ಅಂದು ಎಂಜಿನ್ನಿನ ಬಿಸಿ ತೋರಿಸುವ ಗೇಜಿನ ಮುಳ್ಳು ಕೆಂಪಿಗೆ ಏರುತ್ತಿದ್ದರೆ ಇವರು, "ಇವತ್ತು ಬಚ್ಚಲೊಲೆ ಮುಂದೆ ಕುಳಿತ ಹಾಗಿದೆ ತಮ್ಮಾ" ಎನ್ನುತ್ತ ಶಾಲು ಸರಿಸಿದರು. ನಾನು ವೈಪರಿನ ಜೊತೆ ಗುದ್ದಾಡುತ್ತಿದ್ದೆ. ಮಂಡಗದ್ದೆ ಹತ್ತಿರ ಸೀಟಿನ ಸುತ್ತ ಹಬೆ ಎದ್ದಿತು. ಅಪ್ಪಯ್ಯ ಕೊಡೆ ಬಿಚ್ಚಿ ಇಳಿದು, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುತ್ತಿದ್ದ ಬೆಳ್ಳಕ್ಕಿಗಳನ್ನು ಎಣಿಸುತ್ತ ನಿಂತರು.

ಎಂಜಿನ್ನಿನ ಹೆಡ್ಡಿನ ಅಡಿಯಲ್ಲಿ ಕುಳಿತು ನೀರು, ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಆಯಿಲ್ ಮುಚ್ಚಳದ ಒಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ. ಆಯಿಲಿಗೆ ನೀರು ಸೇರಿದ ಗುರುತು. ಬಾಗಿದ ಹೆಡ್ಡನ್ನು ಲೇತಿಗೆ ಕಳಿಸಿ ಮಟ್ಟ ಹೊಡೆಸಿದರು. "ಹೇಗೂ ಬಿಚ್ಚಿದ್ದೇವಲ್ಲ" ಎಂದು ಟೈಮಿಂಗ್ ಬೆಲ್ಟ್, "ಹೇಗೂ ಬಿಚ್ಚಿದ್ದೇವಲ್ಲ" ಎಂದು ವಾಟರ್ ಪಂಪ್. ಕನ್ನಡದಲ್ಲಿ ಇದಕ್ಕಿಂತ ದುಬಾರಿ ವಾಕ್ಯ ನಾನು ಕೇಳಿಲ್ಲ.

ಅಮ್ಮ ಇದ್ದಾಗ ನಮ್ಮ ಬಚ್ಚಲೊಲೆ ಆಷಾಢವಿಡೀ ಆರುತ್ತಿರಲಿಲ್ಲ. ಬೆಳಗಿನ ಜಾವ ಅಡಿಕೆ ಸಿಪ್ಪೆ ತುಂಬಿ ಅವಳು ಊದುವ ಸದ್ದಿಗೇ ನಮಗೆ ಎಚ್ಚರ. ಎಲ್ಲರೂ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತೇ ಕಾಫಿ ಕುಡಿಯುವುದು. ಈಗ ಗೋಡೆಯ ಮೇಲೆ ಗೀಸರ್ ಇದೆ. ಅದರ ಮುಂದೆ ಯಾರು ಕುಳಿತುಕೊಳ್ಳುತ್ತಾರೆ?

ಇಂದು ಬೆಳಿಗ್ಗೆ ತಟ್ಟೆ ತುಂಬಿಸಿ ಹೊರಟೆವು. ಗಾಜನೂರು ದಾಟಿದರೂ ಗೇಜಿನ ಮುಳ್ಳು ನಡುವಿನಿಂದ ಅಲುಗಲಿಲ್ಲ. ನಾನು ಬೀಗುತ್ತಿದ್ದೆ. ಅಪ್ಪಯ್ಯ ಸೀಟಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನೋಡಿದರು. ಶಾಲು ಎಳೆದುಕೊಂಡರು.

"ಒಲೆ ಆರಿದೆಯಲ್ಲೋ" ಎಂದರು.