ಹಗ್ಗ ಬಿಗಿದು ಕಟ್ಟಿದ್ದೇ ತಪ್ಪಾಯ್ತು

ಆಂಬುಲೆನ್ಸ್ ಬೇಗ ಬಂದ್ರೆ ಹಾವು ಕಚ್ಚಿದವರು ಬದುಕ್ತಾರೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್, ಸರಿ. ಆದ್ರೆ 108 ಬರೋ ತನಕ ನಾವೇ ಮಾಡೋ ಅನಾಹುತದ ಬಗ್ಗೆ ಒಂದು ಸಾಲೂ ಇಲ್ಲ.

ಅಡಿಕೆ ತೋಟದಲ್ಲಿ ನಮ್ಮ ಚಿಕ್ಕಪ್ಪನ ಪಾದಕ್ಕೆ ಕೊಳಕುಮಂಡಲ ಕಚ್ಚಿತ್ತು. ಮೊಣಕಾಲ ಕೆಳಗೆ ಹಗ್ಗ ಸುತ್ತಿ, ಕೋಲು ತೂರಿಸಿ ತಿರುಚಿದ್ವಿ. ಪಕ್ಕದ ಮನೆಯವರು ಕಚ್ಚಿದ ಜಾಗ ಕೊಯ್ಯೋಕೆ ಬ್ಲೇಡೂ ತಂದಿದ್ರು, ಚಿಕ್ಕಮ್ಮ ಬೈದು ಕಿತ್ತುಕೊಂಡ್ರು, ಪುಣ್ಯ! ಆಂಬುಲೆನ್ಸಿನ ಹುಡುಗ ಹಗ್ಗ ನೋಡಿ ತಲೆ ಚಚ್ಚಿಕೊಂಡ. ಆದ್ರೂ ಅಲ್ಲೇ ಬಿಚ್ಚಲಿಲ್ಲ. ಒಮ್ಮೆಲೇ ಬಿಚ್ಚಿದ್ರೆ ತಡೆದಿದ್ದ ವಿಷ ಒಟ್ಟಿಗೆ ಮೈಗೇರುತ್ತಂತೆ. ಸಲೈನ್ ಹಾಕಿಕೊಂಡೇ ಹೊರಟ, ಆಸ್ಪತ್ರೆಯಲ್ಲಿ ಡಾಕ್ಟರ ಎದುರೇ ಬಿಚ್ಚಿದ್ದು. ಅಷ್ಟೊತ್ತಿಗೆ ಪಾದ ಕಪ್ಪಾಗಿತ್ತು. ಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತೆ, ಮೇಲಿಂದ ರಕ್ತವನ್ನೂ ತಡೆದ್ರೆ ಕೇಳಬೇಕಾ?

ಮಾಡಬೇಕಿದ್ದದ್ದು ಇಷ್ಟೇ: ಉಂಗುರ, ಕಾಲುಂಗುರ ತೆಗೆಯೋದು, ಮೂಳೆ ಮುರಿದಾಗ ಮಾಡೋ ಹಾಗೆ ಕಾಲಿಗೆ ದಬ್ಬೆ ಇಟ್ಟು ಸಡಿಲವಾಗಿ ಬಟ್ಟೆ ಸುತ್ತೋದು, ನಡೆಸದೆ ಎತ್ತಿಕೊಂಡು ಹೋಗೋದು, ಕಚ್ಚಿದ ಹೊತ್ತು ನೆನಪಿಟ್ಟುಕೊಳ್ಳೋದು. ಹಾವನ್ನ ಹೊಡೆದು ಚೀಲದಲ್ಲಿ ತರೋ ಅಗತ್ಯವೂ ಇಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ನಮ್ಮಲ್ಲಿ ಕೊಡೋ ಇಂಜೆಕ್ಷನ್ ಒಂದೇ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು, ಒಳ್ಳೇದೇ. ಈ ದಬ್ಬೆ ಕಟ್ಟೋದನ್ನ ಶಾಲೆ ಮಕ್ಕಳಿಗೂ ಒಂದು ದಿನ ಕಲಿಸಿದ್ರೆ?

ಚಿಕ್ಕಪ್ಪನ ಕಾಲಿನ ಎರಡು ಬೆರಳು ಹೋಯ್ತು. ಈಗಲೂ ತೋಟಕ್ಕೆ ಹೋಗ್ತಾರೆ, ಗಂಬೂಟು ಹಾಕ್ಕೊಂಡು.